ಕೇಳಿದ ಕಿವಿಗೂ ಒಂದು ಋಣವಿದೆ



ನೀವು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿ ಬೆಳೆದವರೇ? ವಯಸ್ಸು ನಲವತ್ತೈದು ದಾಟಿದೆಯೇ? ಹಾಗಾದರೆ ನಿಮಗೊಂದು ಸಣ್ಣ ಪ್ರಶ್ನೆ. ನೀವು ಚಿಕ್ಕವರಿದ್ದಾಗ ಬೆಳಗ್ಗೆ ಎದ್ದ ಕೂಡಲೇ ಕಿವಿಗೆ ಬೀಳುತ್ತಿದ್ದ ಮೊದಲ ಮಾತು ಯಾರದ್ದು? ಅಮ್ಮನದ್ದು ಎನ್ನುತ್ತೀರಿ. ಸರಿ, ಅಮ್ಮನ ನಂತರ ಯಾರದ್ದು?

ಸ್ವಲ್ಪ ಯೋಚಿಸಿದರೆ ನೆನಪಾಗುತ್ತದೆ. ಬಚ್ಚಲ ಹಂಡೆಯ ಕೆಳಗೆ ಉರಿಯುವ ಒಣಗಿದ ಸೋಗೆ, ಹೊರಗೆ ಹಂಚಿನ ಮೇಲೆ ಬಿಡದೆ ಹೊಡೆಯುವ ಮಳೆ, ಗೋಡೆಯ ಹಲಗೆಯ ಮೇಲೆ ಕಸೂತಿ ಬಟ್ಟೆ ಹೊದ್ದು ಕುಳಿತ ರೇಡಿಯೊ. ಮೊದಲು ಆ ಪಿಟೀಲಿನ ರಾಗ, ಆಮೇಲೆ ವಂದೇ ಮಾತರಂ, ಆಮೇಲೆ ಸ್ಪಷ್ಟವಾದ ಒಂದು ಕನ್ನಡ ದನಿ: 'ಆಕಾಶವಾಣಿ ಭದ್ರಾವತಿ.' ಆ ದನಿಯನ್ನು ನಾವು ಸಾವಿರಾರು ದಿನ ಕೇಳಿದೆವು. ಅದರ ಮುಖವನ್ನು ಒಂದು ದಿನವೂ ನೋಡಲಿಲ್ಲ. ಎಷ್ಟೋ ಸಲ ಹೆಸರೂ ಗೊತ್ತಾಗಲಿಲ್ಲ.

ಈಗ ಆ ಕಾಲದ ಉದ್ಘೋಷಕರಲ್ಲಿ ಎಷ್ಟೋ ಮಂದಿ ನಿವೃತ್ತರು, ಹಲವರು ತೀರಿಹೋದವರು. ಅಂದು ಮನೆಗಳಲ್ಲಿ ರೇಡಿಯೊದಿಂದ ಕ್ಯಾಸೆಟ್ಟಿಗೆ ಹಿಡಿದಿಟ್ಟುಕೊಂಡ ದನಿಗಳನ್ನು ಇಂದು ಹುಡುಕಿ, ಒರೆಸಿ, ಮೊಬೈಲಿಗೆ ಹಾಕಿಕೊಂಡು ಕೇಳುವವರಿದ್ದಾರೆ. ಅದನ್ನು ಕೇಳಿ ಕಣ್ಣೊರೆಸಿಕೊಳ್ಳುವವರೂ ಇದ್ದಾರೆ. ಇದು ಬರೀ ಹಳೆಯದರ ಮೇಲಿನ ಮೋಹವೇ? ಅಥವಾ ನಮಗೆ ಉಪಕಾರ ಮಾಡಿದ ದನಿಗಳಿಗೆ ನಾವು ಸಲ್ಲಿಸಬೇಕಾದದ್ದು ಏನಾದರೂ ಇದೆಯೇ? ಈ ವಾರ ಇದನ್ನೇ ನಿಮ್ಮೊಡನೆ ಯೋಚಿಸಬೇಕೆಂದಿದ್ದೇನೆ.

ಮುಖ ಕಾಣದ ನೆಂಟರು

ಕರ್ನಾಟಕದ ರೇಡಿಯೊ ಹುಟ್ಟಿದ್ದು ಒಬ್ಬ ಮೇಷ್ಟರ ಮನೆಯಲ್ಲಿ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣದೊಂದು ಬಾನುಲಿ ಕೇಂದ್ರ ನಡೆಸಿದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೊಗೆ ಹೆಸರಾಯಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಊರಿಗೆ ದನಿಯ ಕಾರ್ಖಾನೆಯೊಂದು ಬಂದಂತಾಯಿತು.

ಭದ್ರಾವತಿ ನಿಲಯ ಹುಟ್ಟಿದ ಹೊತ್ತನ್ನು ನಮ್ಮ ಕಡೆಯ ಹಿರಿಯರು ಮರೆಯಲಾರರು. ಅದರ ಹಿಂದಿನ ವರ್ಷವೇ, 1964ರಲ್ಲಿ, ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತ್ತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರು, ತೋಟ, ಗದ್ದೆ ನೀರಿನಡಿ ಸೇರಿದ್ದವು. ಜನ ಗಂಟುಮೂಟೆ ಕಟ್ಟಿಕೊಂಡು ದಿಕ್ಕಿಗೊಬ್ಬರಾದರು. ನಾಡಿಗೆಲ್ಲ ಬೆಳಕು ಕೊಡುವ ತಂತಿ ತಲೆಯ ಮೇಲೆ ಹಾದುಹೋದರೂ ಎಷ್ಟೋ ಮನೆಗಳಲ್ಲಿ ಬಹುಕಾಲ ಚಿಮಣಿ ದೀಪವೇ ಉರಿಯಿತು. ಅಂಥ ಮನೆಗಳಿಗೂ ಕರೆಂಟಿನ ಹಂಗಿಲ್ಲದೆ ಬಂದದ್ದು ಸೆಲ್ಲಿನ ಟ್ರಾನ್ಸಿಸ್ಟರು. ಸೆಲ್ಲು ಬಡವಾದರೆ ಬಿಸಿಲಿಗಿಟ್ಟು ಇನ್ನೆರಡು ದಿನ ನಡೆಸುತ್ತಿದ್ದೆವು. ಹಲಸಿನ ಮರದಿಂದ ಮಾಡಿಗೆ ತಾಮ್ರದ ತಂತಿ ಎಳೆದು ಏರಿಯಲ್ ಕಟ್ಟುತ್ತಿದ್ದೆವು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳುತ್ತಿದ್ದೆವು.

ಭದ್ರಾವತಿಯ ದನಿ ನಮ್ಮ ಗುಡ್ಡಗಳ ನಡುವಿನ ಹಳ್ಳಕ್ಕೂ ಇಳಿದು ಬಂದದ್ದಕ್ಕೆ ಒಂದು ಕಾರಣವಿದೆ. ಅದು 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ ಬರುತ್ತಿತ್ತು. ಆ ಅಲೆಯ ಒಂದೊಂದು ಹೆಜ್ಜೆ ಸುಮಾರು 444 ಮೀಟರ್ ಉದ್ದ. ಅಷ್ಟು ಉದ್ದದ ಅಲೆ ನೆಲಕ್ಕೆ ಅಂಟಿಕೊಂಡು, ಗುಡ್ಡದ ಬಾಗಿಗೆ ತಾನೂ ಬಾಗಿ ಸಾಗುತ್ತದೆ. ಈಗಿನ ಎಫ್.ಎಂ. ಅಲೆ ಹಾಗಲ್ಲ. ಅದು ನೇರ ನೋಟದಂತೆ, ನಡುವೆ ಗುಡ್ಡ ಬಂದರೆ ಅಲ್ಲಿಗೇ ಸೊರಗುತ್ತದೆ. ಕತ್ತಲಾದ ಮೇಲೆ ಮಧ್ಯಮ ತರಂಗಕ್ಕೆ ಇನ್ನೊಂದು ಗುಣ ಬರುತ್ತದೆ. ಹಗಲಿನಲ್ಲಿ ಅಲೆಯನ್ನು ಹೀರಿಕೊಳ್ಳುವ ಆಕಾಶದ ಒಂದು ಪದರ ರಾತ್ರಿ ಕರಗಿಹೋಗಿ, ಮೇಲಿನ ಪದರಕ್ಕೆ ತಾಗಿದ ಅಲೆ ದೂರದೂರಕ್ಕೆ ಇಳಿಯುತ್ತದೆ. ಅದಕ್ಕೇ ರಾತ್ರಿ ಹೊತ್ತು ನಮ್ಮ ನಿಲಯದ ಜೊತೆಗೆ ಯಾವುದೋ ದೂರದ ಊರಿನ ಭಾಷೆಯೂ ತೂರಿಕೊಂಡು ಬರುತ್ತಿತ್ತು.

ಆ ದನಿಗಳು ಏನು ಕೊಟ್ಟವು? ಪೇಟೆ ಧಾರಣೆ ಕೊಟ್ಟವು, ಮಳೆಯ ಸುದ್ದಿ ಕೊಟ್ಟವು, ಯಕ್ಷಗಾನ ತಾಳಮದ್ದಳೆ ಕೊಟ್ಟವು. ಬೆಳಗಿನ 6.55ಕ್ಕೆ ಸಂಸ್ಕೃತ ವಾರ್ತೆ. ಒಂದಕ್ಷರ ಅರ್ಥವಾಗದಿದ್ದರೂ 'ಪ್ರವಾಚಕಃ ಬಲದೇವಾನಂದ ಸಾಗರಃ' ಎಂಬುದನ್ನು ಮಕ್ಕಳೆಲ್ಲ ಬಾಯಿಪಾಠ ಮಾಡಿದ್ದೆವು. ಆ ಸಾಗರಕ್ಕೂ ನಮ್ಮ ಸಾಗರಕ್ಕೂ ಏನೋ ಸಂಬಂಧವಿದೆಯೆಂದೇ ನಾನು ತಿಳಿದಿದ್ದೆ. ಇನ್ನು ಆ ಮೊದಲ ರಾಗ: ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್. ಯೂರೋಪಿನಲ್ಲಿ ಯೆಹೂದ್ಯರಿಗೆ ಉಸಿರಾಡಲೂ ಕಷ್ಟವಾಗುತ್ತಿದ್ದ ಕಾಲದಲ್ಲಿ, 1934ರಲ್ಲಿ, ಮುಂಬಯಿಗೆ ಬಂದು ನೆಲೆ ಕಂಡ ಸಂಗೀತಗಾರ. ನೆಲೆ ತಪ್ಪಿದ ಮನುಷ್ಯನೊಬ್ಬನ ರಾಗ ಮುಳುಗಡೆಯಿಂದ ನೆಲೆ ತಪ್ಪಿದ ನಮ್ಮವರನ್ನು ದಿನಾ ಎಬ್ಬಿಸುತ್ತಿತ್ತು. ಇದು ನಮಗಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಪಡೆದ ಉಪಕಾರವೂ ಉಪಕಾರವೇ ಅಲ್ಲವೇ?

ಹೆಸರು ಹಿಡಿದು ಕರೆದವರು

ಇನ್ನೊಂದು ಉಪಕಾರವನ್ನು ನಾನು ಬೇರೆಯಾಗಿಯೇ ಹೇಳಬೇಕು. 15 ಪೈಸೆಯ ಕಾರ್ಡಿನಲ್ಲಿ ಮೆಚ್ಚಿನ ಹಾಡಿನ ಕೋರಿಕೆ ಬರೆದು ಹಾಕಿದರೆ, ಯಾವುದೋ ಒಂದು ದಿನ ನಮ್ಮ ಹೆಸರು ಬರುತ್ತಿತ್ತು. 'ರಿಪ್ಪನ್‌ಪೇಟೆಯಿಂದ', 'ಕೋಣಂದೂರಿನಿಂದ', 'ತಾಳಗುಪ್ಪದಿಂದ', 'ಮೇಗರವಳ್ಳಿಯಿಂದ' ಎಂದು ಊರಿನ ಹೆಸರು ಹೇಳಿ, ಮನೆಮಂದಿಯ ಹೆಸರನ್ನು ಒಂದೊಂದಾಗಿ, ಅವಸರ ಮಾಡದೆ, ತಪ್ಪಿಲ್ಲದೆ ಓದುತ್ತಿದ್ದರು. ಭೂಪಟದಲ್ಲಿ ಚುಕ್ಕೆಯೂ ಇಲ್ಲದ ಊರು, ಪೇಪರಿನಲ್ಲಿ ಎಂದೂ ಬಾರದ ಹೆಸರು. ಆ ಕ್ಷಣಕ್ಕೆ ಅದನ್ನು ಇಡೀ ಮಲೆನಾಡು ಕೇಳುತ್ತಿತ್ತು. ಒಬ್ಬ ಕೂಲಿಯವನ ಮಗಳ ಹೆಸರನ್ನೂ ಮಂತ್ರಿಯ ಹೆಸರನ್ನೂ ಓದುವಾಗ ಆ ದನಿಯಲ್ಲಿ ಭೇದವಿರಲಿಲ್ಲ.

ಹೆಸರು ಹಿಡಿದು ಕರೆಯುವುದು ಸಣ್ಣ ಸಂಗತಿಯಲ್ಲ. ಸಮಾಧಿಯ ಬಳಿ ಅಳುತ್ತಾ ನಿಂತ ಮಗ್ದಲದ ಮರಿಯಳ ಪ್ರಸಂಗ ನಿಮಗೆ ಗೊತ್ತು. ಎದುರಿಗೆ ನಿಂತವನನ್ನು ಕಣ್ಣಿನಿಂದ ನೋಡಿಯೂ ಆಕೆ ತೋಟಗಾರನೆಂದು ತಿಳಿದಳು. ಹೆಸರು ಹಿಡಿದು ಕರೆದ ಮೇಲೆ ಗುರುತಿಸಿದಳು. ಕಣ್ಣು ತಪ್ಪಿದ ಕಡೆ ಕಿವಿ ತಪ್ಪಲಿಲ್ಲ. ದನಿ ಎಂದರೆ ಮನುಷ್ಯನ ಇರವಿನ ಗುರುತು. ಅದಕ್ಕೇ ತೀರಿಹೋದವರ ಫೋಟೋ ನೋಡಿ ಸುಮ್ಮನಿರಬಲ್ಲ ನಾವು ಅವರ ದನಿ ಕೇಳಿದರೆ ತತ್ತರಿಸುತ್ತೇವೆ.

ನೆನಪಿಗೆ ಸಕ್ಕರೆ ಬೆರೆಸಬಾರದು

ಆದರೆ ಓದುಗರೇ, ಕೃತಜ್ಞತೆಯೆಂದರೆ ಎಲ್ಲವನ್ನೂ ಸಿಹಿ ಮಾಡಿ ಹೇಳುವುದಲ್ಲ. 'ಆ ಕಾಲವೇ ಕಾಲ' ಎಂದು ನಿಟ್ಟುಸಿರು ಬಿಡುವ ಮೊದಲು ಎರಡು ಮಾತು ಒಪ್ಪಿಕೊಳ್ಳಬೇಕು.

ಮೊದಲನೆಯದು: ಆ ದನಿ ಸರ್ಕಾರದ ದನಿಯೂ ಆಗಿತ್ತು. 1975ರ ಜೂನ್ 26ರ ಬೆಳಗ್ಗೆ ತುರ್ತು ಪರಿಸ್ಥಿತಿಯ ಸುದ್ದಿಯನ್ನು ದೇಶಕ್ಕೆ ಹೇಳಿದ್ದು ಇದೇ ರೇಡಿಯೊ. ಆಮೇಲಿನ ತಿಂಗಳುಗಳಲ್ಲಿ ಜೈಲಿನೊಳಗೆ ಏನಾಗುತ್ತಿದೆ ಎಂಬುದನ್ನು ಹೇಳದೆ ಬಿಟ್ಟದ್ದೂ ಇದೇ ರೇಡಿಯೊ. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಸಾವಿನ ಸುದ್ದಿ ಬಿ.ಬಿ.ಸಿ.ಯಲ್ಲಿ ಬಂದು ಎಷ್ಟೋ ಗಂಟೆಗಳಾದ ಮೇಲೆ, ಸಂಜೆ, ನಮ್ಮ ಆಕಾಶವಾಣಿ ಅದನ್ನು ಹೇಳಿತು. ಅದೇ ಆಕಾಶವಾಣಿಯ ದಿಲ್ಲಿ ನಿಲಯಕ್ಕೆ 1947ರ ನವೆಂಬರ್ 12ರಂದು ಗಾಂಧೀಜಿ ಬಂದಿದ್ದರು. ಕುರುಕ್ಷೇತ್ರದ ಶಿಬಿರದಲ್ಲಿದ್ದ ನಿರಾಶ್ರಿತರ ಬಳಿಗೆ ಹೋಗಲಾಗದೆ, ದನಿಯನ್ನಾದರೂ ಕಳಿಸೋಣವೆಂದು ಬಂದರು. ಅವರು ರೇಡಿಯೊ ನಿಲಯಕ್ಕೆ ಬಂದದ್ದು ಅದೊಂದೇ ಸಲ. ಒಂದೇ ಯಂತ್ರ ಸಂತೈಸಲೂ ಬಲ್ಲದು, ಮುಚ್ಚಿಡಲೂ ಬಲ್ಲದು. ಇಂಪಾದ ದನಿಯೆಲ್ಲ ಸತ್ಯದ ದನಿಯೆಂದು ನಂಬುವುದು ಕೇಳುವವನ ತಪ್ಪು.

ಎರಡನೆಯದು ನಮ್ಮ ಮನೆಯೊಳಗಿನ ಸಂಗತಿ. ನನ್ನ ಅಜ್ಜಿ ಮುಳುಗಡೆಯ ಊರಿನವರು. ಸಂಜೆ ಜಪಸರ ಮುಗಿದ ಮೇಲೆ ಅವರಿಗೆ ಮಾತಿನ ಹುಮ್ಮಸ್ಸು ಬರುತ್ತಿತ್ತು. ನೀರಿಗೆ ಹೋದ ಮನೆ, ಅಂಗಳದ ಬಾವಿ, ಬಾವಿಕಟ್ಟೆಯ ಮೇಲೆ ತನ್ನ ಅತ್ತೆ ಕೆತ್ತಿಸಿದ್ದ ಶಿಲುಬೆ, ಹೊರಟ ದಿನ ಬರಲೊಲ್ಲದ ಹಸು. ಅವರು ಶುರು ಮಾಡುವುದಕ್ಕೂ ರೇಡಿಯೊದಲ್ಲಿ ವಾರ್ತೆಯೋ ನಾಟಕವೋ ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. 'ಅಜ್ಜಿ, ಸ್ವಲ್ಪ ಸುಮ್ನಿರಿ. ರೇಡಿಯೊ ಬರ್ತಾ ಇದೆ' ಎಂದು ನಾವೇ, ಮೊಮ್ಮಕ್ಕಳೇ, ಬಾಯಿ ಮುಚ್ಚಿಸುತ್ತಿದ್ದೆವು. ಅಜ್ಜಿ ಸುಮ್ಮನಾಗುತ್ತಿದ್ದರು. ಕ್ರಮೇಣ ಹೇಳುವುದನ್ನೇ ಬಿಟ್ಟರು.

ಕಡು ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ತಗ್ಗಿದಾಗ ಮಡೆನೂರಿನ ಹಳೆಯ ಅಣೆಕಟ್ಟು ನೀರಿನಿಂದ ತಲೆಯೆತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಅಜ್ಜಿಯ ಮಾತು ಹಾಗೆ ಯಾವ ಬೇಸಿಗೆಯಲ್ಲೂ ಮೇಲೆ ಬರುವುದಿಲ್ಲ. ದೂರದ ದನಿಗೆ ಕಿವಿಗೊಡುವ ಭರದಲ್ಲಿ ಮಗ್ಗುಲಿನ ದನಿಗೆ ಕಿವುಡಾದ ಪಾಪ ಟಿ.ವಿ., ಮೊಬೈಲು ಬರುವುದಕ್ಕೆ ಮೊದಲೇ ನಮ್ಮಲ್ಲಿತ್ತು. ಇದನ್ನು ಒಪ್ಪಿಕೊಳ್ಳದೆ ರೇಡಿಯೊ ದಿನಗಳನ್ನು ಹೊಗಳುವ ಹಕ್ಕು ನನಗಿಲ್ಲ.

ಒಂದು ಕ್ಯಾಸೆಟ್ಟಿನ ಕಥೆ

ಒಪ್ಪಿಕೊಳ್ಳುವುದು ಇನ್ನೂ ಒಂದಿದೆ.

1983ರ ಮಳೆಗಾಲಕ್ಕೆ ಮುಂಚೆ ನಮ್ಮ ಅಪ್ಪ ರೇಡಿಯೊದಲ್ಲಿ ಮಾತನಾಡಿದರು. ಕೃಷಿ ಕಾರ್ಯಕ್ರಮದವರು ಮನೆಗೇ ಬಂದು ಧ್ವನಿಮುದ್ರಿಸಿಕೊಂಡು ಹೋಗಿದ್ದರು. ವಿಷಯ ಅಡಿಕೆಯ ಕೊಳೆ ರೋಗ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಯಾವಾಗ ಹೊಡೆಯಬೇಕು, ಕೊನೆಗೆ ಕೊಟ್ಟೆ ಕಟ್ಟುವುದು ಹೇಗೆ ಎಂದು ನಾಲ್ಕೈದು ನಿಮಿಷ ಮಾತು. ಪ್ರಸಾರದ ದಿನ ಅಕ್ಕಪಕ್ಕದವರೆಲ್ಲ ನಮ್ಮ ಜಗುಲಿಯಲ್ಲಿ ಸೇರಿದರು. ಅಪ್ಪ ಮಾತ್ರ ನಾಚಿಕೆಯಿಂದ ಕೊಟ್ಟಿಗೆಗೆ ಹೋಗಿ ನಿಂತಿದ್ದರು. ಅಕ್ಕ ಟೂ-ಇನ್-ಒನ್‌ನಲ್ಲಿ ಅದನ್ನು ಕ್ಯಾಸೆಟ್ಟಿಗೆ ಹಿಡಿದಿಟ್ಟಳು.

ಮೂರು ವರ್ಷದ ನಂತರ ನನಗೆ ಹದಿನೇಳು. ಹೊಸ ಸಿನಿಮಾ ಹಾಡುಗಳನ್ನು ಹಿಡಿಯಲು ಖಾಲಿ ಕ್ಯಾಸೆಟ್ಟು ಬೇಕಿತ್ತು, ಕೈಯಲ್ಲಿ ಕಾಸಿರಲಿಲ್ಲ. ಅದೇ ಕ್ಯಾಸೆಟ್ಟಿನ ಮೇಲೆ ಹಾಡು ತುಂಬಿಸಿದೆ. ಅದರಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಅಕ್ಕ ಅತ್ತಳು, ಬೈದಳು. ಅಪ್ಪ ಬೈಯಲಿಲ್ಲ. 'ಹೋಗ್ಲಿ ಬಿಡು ಮಾರಾಯ. ನಾನೇ ಇಲ್ಲಿದ್ದೀನಲ್ಲ' ಎಂದರು.

ಆ ಮಾತಿನ ತೂಕ ನನಗೆ ತಿಳಿದದ್ದು 2004ರಲ್ಲಿ, ಅವರು ಇಲ್ಲವಾದಾಗ. ಆ ಹದಿನೆಂಟು ವರ್ಷ ಅವರು ಇಲ್ಲೇ ಇದ್ದರು. ಒಂದು ಸಲವಾದರೂ 'ಅಪ್ಪ, ಅಂದು ರೇಡಿಯೊದಲ್ಲಿ ಏನು ಹೇಳಿದಿರಿ, ಇನ್ನೊಮ್ಮೆ ಹೇಳಿ' ಎಂದು ನಾನು ಕೇಳಲಿಲ್ಲ. ಕ್ಯಾಸೆಟ್ಟು ಅಳಿಸಿದ್ದು ಒಂದು ಮಧ್ಯಾಹ್ನದ ತಪ್ಪು. ಕೇಳದೆ ಉಳಿದದ್ದು ಹದಿನೆಂಟು ವರ್ಷದ ತಪ್ಪು. ಎರಡರಲ್ಲಿ ಯಾವುದು ದೊಡ್ಡದು, ನೀವೇ ಹೇಳಿ.

ಈಚೆಗೆ ಅಕ್ಕನ ಮಗ ಅಟ್ಟದಲ್ಲಿದ್ದ ಕ್ಯಾಸೆಟ್ಟುಗಳನ್ನು ಕೆಳಗಿಳಿಸಿದ. ಮಲೆನಾಡಿನ ತೇವಕ್ಕೆ ಅರ್ಧಕ್ಕರ್ಧ ಬೂಷ್ಟು ಹಿಡಿದಿದ್ದವು. ಬಟ್ಟೆಯಲ್ಲಿ ಒರೆಸಿ, ಹಿಂದೆ ಮುಂದೆ ಸುತ್ತಿಸಿ, ಒಂದೊಂದನ್ನೇ ಕಂಪ್ಯೂಟರಿಗೆ ಏರಿಸಿದ. ಆ ಕ್ಯಾಸೆಟ್ಟಿನಲ್ಲಿ ನನ್ನ ಕೊನೆಯ ಹಾಡು ಮುಗಿದ ಮೇಲೆ, ನಾನು ಅಳಿಸದೆ ಬಿಟ್ಟಿದ್ದ ಹನ್ನೊಂದು ಸೆಕೆಂಡು ಉಳಿದಿತ್ತು. ಅಪ್ಪನ ದನಿಯಲ್ಲ. ಉದ್ಘೋಷಕಿಯ ದನಿ. ಕೊಳೆ ರೋಗದ ಹತೋಟಿಯ ಬಗ್ಗೆ ಇದುವರೆಗೆ ಮಾತನಾಡಿದವರು ಇಂಥವರು ಎಂದು ನಮ್ಮ ಊರಿನ ಹೆಸರು, ಅಪ್ಪನ ಪೂರ್ತಿ ಹೆಸರು. ಮನೆತನದ ಹೆಸರನ್ನೂ ಬಿಡದೆ, ನಮ್ಮವರ ಹೆಸರುಗಳನ್ನು ಎಷ್ಟೋ ಜನ ತಿರುಚಿ ಹೇಳುವುದನ್ನೇ ಕೇಳಿದ್ದ ನಮಗೆ ಆಶ್ಚರ್ಯವಾಗುವಷ್ಟು ಸರಿಯಾಗಿ. ಆಕೆ ಯಾರೋ ನಮಗೆ ಗೊತ್ತಿಲ್ಲ. ನಮ್ಮಪ್ಪನ ಹೆಸರನ್ನು ಹೇಗೆ ಹೇಳಬೇಕೆಂದು ಅಂದು ಯಾರನ್ನೋ ಕೇಳಿ ತಿಳಿದುಕೊಂಡಿರಬೇಕು. ಮಗನಾದ ನಾನು ಅಳಿಸಿದೆ, ಯಾರೋ ಅಪರಿಚಿತೆ ಉಳಿಸಿಕೊಟ್ಟಳು.

ಉಳಿಸಿಕೊಂಡದ್ದೆಲ್ಲ ನೆನಪೇ?

ಧ್ವನಿಮುದ್ರಣದ ಯಂತ್ರ ಹುಟ್ಟಿದಾಗಲೇ ಈ ಆಸೆಯೂ ಹುಟ್ಟಿತ್ತು. 1877ರಲ್ಲಿ ಫೋನೋಗ್ರಾಫ್ ಕಂಡುಹಿಡಿದ ಎಡಿಸನ್, ಮರುವರ್ಷ ಅದರ ಉಪಯೋಗಗಳನ್ನು ಪಟ್ಟಿ ಮಾಡುವಾಗ, ಮನೆಮಂದಿಯ ಮಾತುಗಳನ್ನು ಅವರವರ ದನಿಯಲ್ಲೇ ಕೂಡಿಡುವುದನ್ನು, ಸಾಯುವವರ ಕಡೆಯ ಮಾತನ್ನು ಹಿಡಿದಿಡುವುದನ್ನೂ ಸೇರಿಸಿದ್ದರು. ಗ್ರಾಮಫೋನಿನ ತಟ್ಟೆಯ ಮೇಲಿನ ನಾಯಿಯ ಚಿತ್ರ ನಿಮಗೆ ನೆನಪಿರಬಹುದು. ಚಿತ್ರಕಾರ ಫ್ರಾನ್ಸಿಸ್ ಬರಾಡ್ ಬರೆದದ್ದು ತೀರಿಹೋದ ತನ್ನ ಸಹೋದರನ ನಾಯಿಯನ್ನು. ಒಡೆಯನ ದನಿಗೆ ಕಿವಿ ಓರೆ ಮಾಡಿ ಕುಳಿತ ಆ ನಾಯಿಯನ್ನು ನಾವು ಮಕ್ಕಳಾಗಿದ್ದಾಗ ನಗುತ್ತ ನೋಡಿದೆವು. ಈಗ ನಗು ಬರುವುದಿಲ್ಲ.

ಆದರೆ ಉಳಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯವಾಗಲಿಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಒಂದರ ಮೇಲೆ ಇನ್ನೊಂದು ಮುದ್ರಿಸುವುದು ಜಗತ್ತಿನೆಲ್ಲೆಡೆ ನಡೆಯಿತು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಗಳಿಗೆಯ ಮೂಲ ಟೇಪುಗಳೇ ಅಳಿಸಿ ಮತ್ತೆ ಬಳಕೆಯಾಗಿರಬೇಕೆಂದು ಅಮೆರಿಕದ ನಾಸಾ ಸಂಸ್ಥೆ 2009ರಲ್ಲಿ ಹೇಳಿತು. ಚಂದ್ರನ ಟೇಪಿಗೇ ಹೀಗಾದರೆ ಕೊಳೆ ರೋಗದ ಟೇಪಿನ ಪಾಡೇನು ಎಂದು ನಾನು ಸಮಾಧಾನ ಮಾಡಿಕೊಂಡದ್ದೂ ಉಂಟು.

ಉಳಿದ ದನಿಯ ಬೆಲೆ ಎಷ್ಟೆಂಬುದಕ್ಕೆ ಲಂಡನ್ನಿನ ಒಂದು ಘಟನೆ ಹೇಳುತ್ತೇನೆ. ಅಲ್ಲಿನ ನೆಲದಡಿಯ ರೈಲು ನಿಲ್ದಾಣಗಳಲ್ಲಿ, ರೈಲಿಗೂ ಕಟ್ಟೆಗೂ ನಡುವಿನ ಸಂದಿನ ಬಗ್ಗೆ ಎಚ್ಚರಿಸುವ ಧ್ವನಿಮುದ್ರಿತ ಕೂಗೊಂದಿದೆ. ಅದರಲ್ಲಿ ಓಸ್ವಾಲ್ಡ್ ಲಾರೆನ್ಸ್ ಎಂಬ ನಟನ ದನಿ ಬಹುಕಾಲ ಬಳಕೆಯಲ್ಲಿತ್ತು. 2007ರಲ್ಲಿ ಆತ ತೀರಿಕೊಂಡರು. ಅವರ ಹೆಂಡತಿ ಆಗಾಗ ಎಂಬ್ಯಾಂಕ್‌ಮೆಂಟ್ ಎಂಬ ನಿಲ್ದಾಣಕ್ಕೆ ಹೋಗಿ, ಬಂದ ರೈಲನ್ನು ಹತ್ತದೆ, ಆ ಒಂದು ಮಾತು ಕೇಳಲೆಂದೇ ಕುಳಿತಿರುತ್ತಿದ್ದರು. 2012ರ ಕೊನೆಗೆ ಹೊಸ ವ್ಯವಸ್ಥೆ ಬಂದು ಆ ದನಿ ನಿಂತಿತು. ಆಕೆಯ ವಿಷಯ ತಿಳಿದ ಮೇಲೆ ರೈಲಿನವರು ಅದರ ಪ್ರತಿಯನ್ನು ಆಕೆಗೆ ಕೊಟ್ಟರು. 2013ರಲ್ಲಿ ಆ ನಿಲ್ದಾಣದಲ್ಲಿ ಹಳೆಯ ದನಿಯನ್ನೇ ಮತ್ತೆ ಹಾಕಿದರು. ಒಂದು ದೊಡ್ಡ ಪಟ್ಟಣ ಒಬ್ಬ ವಿಧವೆಗಾಗಿ ಮಾಡಿದ ಸಣ್ಣ ಕೆಲಸ. ಲಾಭವಿಲ್ಲದ ಕೆಲಸ, ಆದರೆ ನ್ಯಾಯವಾದ ಕೆಲಸ.

ಸತ್ತವರ ಬಾಯಿಗೆ ಮಾತು

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಆ ಹನ್ನೊಂದು ಸೆಕೆಂಡು ಕೇಳಿದ ದಿನ ಅಕ್ಕನ ಮಗ ಹೇಳಿದ: 'ಮಾವ, ಚಿಕ್ಕಮ್ಮನ ಮದುವೆ ವಿಡಿಯೋದಲ್ಲಿ ಅಜ್ಜನ ಮಾತು ಒಂದೆರಡು ನಿಮಿಷ ಇದೆ. ಅಷ್ಟು ಸಾಕು. ಕೊಳೆ ರೋಗದ ಮಾತನ್ನು ನಾವೇ ಬರೆದು ಕೊಟ್ಟರೆ ಕಂಪ್ಯೂಟರು ಅದನ್ನು ಅಜ್ಜನ ದನಿಯಲ್ಲೇ ಹೇಳುತ್ತೆ.'

ಅವನು ಹೇಳಿದ್ದು ಸುಳ್ಳಲ್ಲ. 2024ರಲ್ಲಿ 'ಲಾಲ್ ಸಲಾಂ' ಎಂಬ ತಮಿಳು ಚಿತ್ರಕ್ಕೆ ಸಂಗೀತ ನಿರ್ದೇಶಕ ಎ.ಆರ್. ರೆಹಮಾನ್, ತೀರಿಹೋದ ಇಬ್ಬರು ಗಾಯಕರ ದನಿಯನ್ನು ಇದೇ ಬಗೆಯ ಯಂತ್ರದಿಂದ ಹಾಡಿಸಿದರು. ಮನೆಯವರ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟಿದ್ದೇವೆಂದು ತಿಳಿಸಿದರು. ಒಪ್ಪಿಗೆ ಕೇಳಿದ್ದು ಒಳ್ಳೆಯದೇ. ಆದರೆ ಒಪ್ಪಿಗೆ ಕೊಟ್ಟವರು ಮನೆಯವರು. ದನಿಯ ಒಡೆಯರನ್ನು ಕೇಳುವವರಾರು?

ಒಂದು ಗಳಿಗೆ ನನಗೂ ಆಸೆಯಾಯಿತು. ನನ್ನ ತಪ್ಪು ಅಳಿಸಿಹೋಗುತ್ತದೆ. ಎಂಬತ್ತನಾಲ್ಕು ವರ್ಷದ ಅಮ್ಮನಿಗೆ ಸಂತೋಷವಾಗುತ್ತದೆ. ಇದರಿಂದ ಯಾರಿಗೆ ನಷ್ಟ?

ಯೋಚಿಸಿ ನೋಡಿದೆ. ಅಪ್ಪ ಅಂದು ಆಡಿದ್ದು ಸಾಕ್ಷಿ. ತನ್ನ ತೋಟದಲ್ಲಿ, ತನ್ನ ಕಣ್ಣೆದುರು ಕಂಡದ್ದನ್ನು, ತನ್ನ ಹೆಸರು ಊರು ಹೇಳಿ ನುಡಿದ ಸಾಕ್ಷಿ. ಅವರು ಆಡದ ಮಾತನ್ನು ಅವರ ದನಿಯಲ್ಲಿ ಆಡಿಸಿದರೆ ಅದು ಏನಾಗುತ್ತದೆ? ಸುಳ್ಳು ಸಾಕ್ಷಿ ಹೇಳಬೇಡ ಎಂಬ ಕಟ್ಟಳೆ ನೆರೆಯವನ ವಿರುದ್ಧದ ಸುಳ್ಳಿಗೆ ಮಾತ್ರವೇ? 'ಅದು ಹಾಗಲ್ಲ, ನಾನು ಹಾಗೆ ಹೇಳಲಿಲ್ಲ' ಎಂದು ತಡೆಯಲಾರದವರ ಬಾಯಿಗೆ ಮಾತು ತುರುಕುವುದಕ್ಕೂ ಅದು ಅನ್ವಯಿಸುವುದಿಲ್ಲವೇ? ಲಂಡನ್ನಿನ ಆ ತಾಯಿ ಕೇಳಿದ್ದು ಗಂಡ ನಿಜವಾಗಿ ಆಡಿದ ಒಂದೇ ಮಾತು. ಸಂದಿನ ಬಗ್ಗೆ ಎಚ್ಚರಿಕೆ, ಅಷ್ಟೇ. ಹೊಸ ಮಾತು ಬೇಕೆಂದು ಆಕೆ ಕೇಳಲಿಲ್ಲ. ಆ ಒಂದು ಮಾತು ನಿಜವಾಗಿದ್ದರಿಂದಲೇ ಸಾಕಾಯಿತು.

ಆದರೂ ಅಮ್ಮನ ಸಂತೋಷದ ಮಾತು ಬಂದದ್ದರಿಂದ, ನಾವೇ ತೀರ್ಮಾನಿಸದೆ ಅಮ್ಮನನ್ನೇ ಕೇಳಿದೆವು. ಹುಡುಗ ಎಲ್ಲವನ್ನೂ ಬಿಡಿಸಿ ಹೇಳಿದ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮ್ಮಜ್ಜ ಏನು ಹೇಳಿದ್ರು ಅಂತ ನಿಮಗ್ಯಾರಿಗಾದ್ರೂ ಗೊತ್ತುಂಟಾ?' ಎಂದರು. ನಮಗೆ ಗೊತ್ತಿರಲಿಲ್ಲ. 'ನಂಗೊತ್ತು' ಎಂದರು.

ಧ್ವನಿಮುದ್ರಣದ ದಿನ ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದರಂತೆ. ಮೊದಲ ಸಲ ಅಪ್ಪ ಮಾತು ಶುರು ಮಾಡಿದಾಗ ಕೊಟ್ಟಿಗೆಯಲ್ಲಿ ಕರು ಕೂಗಿ, ಬಂದವರು ನಗುತ್ತಾ ಟೇಪು ನಿಲ್ಲಿಸಿ ಮತ್ತೆ ಮೊದಲಿನಿಂದ ಮಾಡಿದರಂತೆ. ಅಪ್ಪ ಎರಡು ಮಾತಿಗೊಮ್ಮೆ ಕೆಮ್ಮಿದರಂತೆ. ಮಳೆ ಹಿಡಿಯುವ ಮೊದಲೇ ಒಂದು ಸಲ ಔಷಧಿ ಹೊಡೆಯಬೇಕು, ನಲವತ್ತು ದಿನ ಬಿಟ್ಟು ಇನ್ನೊಂದು ಸಲ ಎಂದರಂತೆ. ಕಡೆಯಲ್ಲಿ, ಕೇಳದೆಯೇ, 'ಇದೆಲ್ಲ ನಂಗೆ ಹೇಳಿಕೊಟ್ಟಿದ್ದು ನಮ್ಮ ಕೊನೆಗಾರ. ಮರ ಹತ್ತುವವನು ಅವನು, ನಾನು ಕೆಳಗೆ ನಿಂತವನು' ಎಂದು ಅವನ ಹೆಸರನ್ನೂ ಹೇಳಿದರಂತೆ. ಪ್ರಸಾರದ ದಿನ ಆ ಕೊನೆಗಾರನೂ ಜಗುಲಿಯ ಅಂಚಿನಲ್ಲಿ ಕುಳಿತಿದ್ದ, ತನ್ನ ಹೆಸರು ಬಂದಾಗ ಎದ್ದು ನಿಂತುಬಿಟ್ಟ ಎಂದು ಅಮ್ಮ ಹೇಳಿದರು.

ನಾನೂ ಅಂದು ಅಲ್ಲೇ ಇದ್ದೆ. ನನಗೆ ಇದೊಂದೂ ನೆನಪಿಲ್ಲ. ನಲವತ್ತು ವರ್ಷ ಅಮ್ಮನ ಬಳಿ ಇದ್ದ ಮಾತು ಅದು. ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅಕ್ಕನ ಮಗ ಮೊಬೈಲು ಹಿಡಿದು, 'ಅಜ್ಜಿ, ಇನ್ನೊಮ್ಮೆ ಹೇಳಿ' ಎಂದ. ಅಮ್ಮ ಇನ್ನೊಮ್ಮೆ ಹೇಳಿದರು. ಆ ಮುದ್ರಣ ನಮ್ಮಲ್ಲಿದೆ. ಅಪ್ಪನ ದನಿಯನ್ನು ಯಂತ್ರದಿಂದ ಮಾಡಿಸುವ ಮಾತು ಅಲ್ಲಿಗೇ ನಿಂತಿತು.

ಋಣ ತೀರಿಸುವ ಬಗೆ

ಹಾಗಾದರೆ ದನಿಗಳಿಗೆ ನಾವು ಸಲ್ಲಿಸಬೇಕಾದದ್ದು ಏನು?

ಮೊದಲು ಕೃತಜ್ಞತೆ. ಹೆಸರು ಗೊತ್ತಿಲ್ಲದ ಉದ್ಘೋಷಕರು, ಟೇಪು ಹೊತ್ತು ಕೆಸರಿನಲ್ಲಿ ಹಳ್ಳಿಗೆ ಬಂದವರು, ಮೊದಲ ಬಸ್ಸಿಗೂ ಮುಂಚೆ ನಿಲಯಕ್ಕೆ ಹೋಗಿ ದೀಪ ಹಚ್ಚಿದವರು. ಅವರಲ್ಲಿ ಯಾರಾದರೂ ನಿಮ್ಮ ಊರಿನಲ್ಲಿ ನಿವೃತ್ತರಾಗಿ ಇದ್ದರೆ ಹೋಗಿ ಒಂದು ಮಾತು ಹೇಳಿ. ಅವರು ಕಾಣದ ಮೈಕಿನ ಮುಂದೆ ಮಾತನಾಡಿದವರು. ನಾವು ಕೇಳುತ್ತಿದ್ದೆವೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ.

ಎರಡನೆಯದು ಸತ್ಯ. ಹಳೆಯ ಮುದ್ರಣವಿದ್ದರೆ ಇದ್ದಂತೆ ಉಳಿಸಿ. ಕೆಮ್ಮು, ಮಳೆಯ ಸದ್ದು, ಕರುವಿನ ಕೂಗು ಎಲ್ಲ ಇರಲಿ. ಅದರ ಮೇಲೆ ಯಾರ ದನಿ, ಯಾವ ವರ್ಷ, ಎಲ್ಲಿ ಹಿಡಿದದ್ದು ಎಂದು ಬರೆದಿಡಿ. ಇಲ್ಲದ್ದನ್ನು ಸೇರಿಸಬೇಡಿ. ಕಳೆದುಹೋಗಿದ್ದರೆ ಕಳೆದುಹೋಯಿತೆಂದು ಒಪ್ಪಿಕೊಳ್ಳಿ. ತಪ್ಪನ್ನು ಮುಚ್ಚಲು ಸತ್ತವರನ್ನು ಕೆಲಸಕ್ಕೆ ಹಚ್ಚಬೇಡಿ.

ಮೂರನೆಯದು ಇವೆರಡಕ್ಕಿಂತ ದೊಡ್ಡದು, ಇವೆರಡಕ್ಕಿಂತ ಅಗ್ಗದ್ದು. ಬದುಕಿರುವವರ ಮಾತು ಕೇಳುವುದು. ಬಾಲಕ ಸಮುವೇಲನಿಗೆ ರಾತ್ರಿ ಕೇಳಿಸಿದ ಕರೆ ಯಾರದೆಂದು ಮೊದಲು ತಿಳಿಯಲಿಲ್ಲ. ಮೂರು ಸಲ ಎದ್ದು ಓಡಿಹೋದದ್ದು ಪಕ್ಕದಲ್ಲಿ ಮಲಗಿದ್ದ ಮುದುಕ ಏಲಿಯ ಬಳಿಗೆ. ನನಗೆ ಆ ಕಥೆಯಲ್ಲಿ ಈಗ ಹಿಡಿಸುವುದು ಅದ��. ಮುದುಕರು ಕರೆದರೆ ನಿದ್ದೆಗಣ್ಣಿನಲ್ಲೂ ಎದ್ದು ಹೋಗುವ ಹುಡುಗನಾದ್ದರಿಂದಲೇ ಅವನಿಗೆ ಇನ್ನೊಂದು ಕರೆ ಕೇಳಿಸಿತೋ ಏನೋ.

ಈ ವಾರ ಒಂದು ಕೆಲಸ ಮಾಡುತ್ತೀರಾ? ಮನೆಯಲ್ಲಿ ಹಿರಿಯರಿದ್ದರೆ, ಊಟವಾದ ಮೇಲೆ ಟಿ.ವಿ. ಆರಿಸಿ, ಮೊಬೈಲುಗಳನ್ನು ಪಕ್ಕಕ್ಕಿಟ್ಟು, ಅವರ ಹತ್ತಿರ ಕುಳಿತು, 'ನಿಮ್ಮ ಮನೆಗೆ ರೇಡಿಯೊ ಬಂದದ್ದು ಯಾವಾಗ?' ಎಂದು ಕೇಳಿ. ಮಾತು ರೇಡಿಯೊದಿಂದ ಹೊರಟು ಎಲ್ಲೆಲ್ಲಿಗೋ ಹೋಗುತ್ತದೆ, ಹೋಗಲಿ. ಕೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಹೇಳಲಿ. ಮೊಮ್ಮಕ್ಕಳು ಬೇಕಾದರೆ ಮುದ್ರಿಸಿಕೊಳ್ಳಲಿ, ಆದರೆ ಮೊದಲು ಕೇಳಲಿ.

ನಮ್ಮ ಮನೆಯಲ್ಲಿ ಈಗ ವಾರಕ್ಕೊಂದು ಸಂಜೆ ಅಮ್ಮ ಮಾತನಾಡುತ್ತಾರೆ. ಮೊನ್ನೆ ಅಜ್ಜಿಯ ಬಾವಿಯ ವಿಷಯ ಬಂತು. ಅಮ್ಮ ಅದನ್ನು ಅತ್ತೆಯ ಬಾಯಲ್ಲಿ ಅರ್ಧ ಕೇಳಿದ್ದರಂತೆ. ಉಳಿದರ್ಧ ಹೇಳಲು ಹೊರಟ ದಿನ ನಾವು ಮಕ್ಕಳು ರೇಡಿಯೊ ಹಾಕಿದೆವಂತೆ.